ಕೆಂಪು ಗಾಡಿಯ ಧಾರಾವಾಹಿ, ಅಕ್ಕನ ಉಸಿರು

ಅಕ್ಕನ ಕೊನೆಯ ಬೇಸಿಗೆಯಲ್ಲಿ ನಾವಿಬ್ಬರೂ ಕೂತು ಒಂದು ಹಳೆಯ ಇಂಗ್ಲಿಷ್ ಧಾರಾವಾಹಿಯನ್ನು ಮತ್ತೊಮ್ಮೆ ನೋಡಿದೆವು. ಬೆಂಕಿ ಆರಿಸುವವರ ಕಥೆ ಅದು. ಅವರ ಜೊತೆಗೇ ಕೆಂಪು ಗಾಡಿಯಲ್ಲಿ ಓಡಾಡುವ ಇಬ್ಬರು ತರುಣರಿದ್ದಾರೆ. ಸುಟ್ಟವರು, ಮೇಲಿಂದ ಬಿದ್ದವರು, ಎದೆ ಹಿಡಿದುಕೊಂಡು ಕುಸಿದವರು, ಯಾರೇ ಇರಲಿ, ಅಲ್ಲೇ ದಾರಿಯಲ್ಲಿ ಉಪಚರಿಸಿ ಆಸ್ಪತ್ರೆ ಮುಟ್ಟಿಸುತ್ತಾರೆ. ನನ್ನ ಕೆಲಸವೂ ಅದೇ. ಬೈಲಹೊಂಗಲದ ಒಂದು ಖಾಸಗಿ ಅಂಬ್ಯುಲೆನ್ಸಿನಲ್ಲಿ ರೋಗಿಯ ತಲೆಯ ಬಳಿ ಕೂಡುವವನು ನಾನು. ಅದಕ್ಕೆಂದೇ ಓದಿ ಬಿ.ಎಸ್ಸಿ. ಮಾಡಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಪಾಸಾಗಿ ಇಳಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕರಿ ನಿಲುವಂಗಿ ತೊಟ್ಟ ನನ್ನ ಫೋಟೊ ರಾಮದುರ್ಗದಲ್ಲಿ ಅಕ್ಕನ ಮನೆಯ ಗೋಡೆಯ ಮೇಲಿತ್ತು. ತನ್ನ ಮದುವೆಯ ಫೋಟೊ ತೆಗೆದು ಆ ಮೊಳೆಗೆ ನನ್ನದನ್ನು ತೂಗುಹಾಕಿದ್ದಳು.

ಮೊದಲ ಸಲ ಆ ಧಾರಾವಾಹಿ ನೋಡಿದ್ದು ಎಂ.ಕೆ. ಹುಬ್ಬಳ್ಳಿಯಲ್ಲಿ, ಸಣ್ಣವರಿದ್ದಾಗ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುತ್ತಿದ್ದ, ಅವ್ವ ಕಬ್ಬು ಕಡಿಯುತ್ತಿದ್ದಳು. ಟಿವಿ ಇದ್ದದ್ದು ದೊಡ್ಡ ಓಣಿಯ ಒಂದು ಮನೆಯಲ್ಲಿ. ನಮ್ಮಂಥವರು ಒಳಗೆ ಹೋಗುವಂತಿರಲಿಲ್ಲ, ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ನೋಡಬೇಕು. ಚಿತ್ರ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಕೇಳಿದ್ದರೂ ಇಂಗ್ಲಿಷ್ ಯಾರಿಗೆ ಬರುತ್ತಿತ್ತು? ಅದಕ್ಕೇ ಅವರೆಲ್ಲರ ಮಾತನ್ನು ಅಕ್ಕನೇ ಆಡುತ್ತಿದ್ದಳು. ಫೋನು ಹಿಡಿದ ಡಾಕ್ಟರು ತುಟಿ ಆಡಿಸಿದರೆ ಇವಳು ಗಂಟಲು ದಪ್ಪ ಮಾಡಿ, "ಏ ತಮ್ಮಾ, ಆಕೀಗೆ ಚಾ ಕುಡಿಸಿದಿಲ್ಲೋ? ಮೊದ್ಲ ಚಾ ಕುಡಿಸು, ಆಮ್ಯಾಲ ಸೂಜಿ ಮಾಡು" ಅನ್ನುವಳು. ನಿಚ್ಚಣಿಕೆ ಏರುವವನ ಬಾಯಲ್ಲಿ, "ಲಗೂ ನೀರ ಬಿಡ್ರ್ಯೋ, ಮನ್ಯಾಗ ರೊಟ್ಟಿ ಆರಾಕ ಹತ್ಯಾವು." ಕಟ್ಟೆಯ ಮೇಲಿನ ಹುಡುಗರೆಲ್ಲ ನಗುತ್ತಿದ್ದೆವು. ಮನೆಯವರು ಬಂದು ಗದರಿಸಿ ಕಿಟಕಿ ಹಾಕುತ್ತಿದ್ದರು.

ಮುಂದೆ ಅಕ್ಕ ಶಾಲೆ ಬಿಟ್ಟಳು. ಬೈಲಹೊಂಗಲದಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗೆ ದುಡಿಯಲು ಹೋದಳು. ನಾನು ಓದಿದೆ. ಅವಳ ಶ್ವಾಸಕೋಶ ಕೆಟ್ಟಿದ್ದು ಆ ಧೂಳಿನಿಂದಲೋ ಒಲೆಯ ಹೊಗೆಯಿಂದಲೋ ಯಾರೂ ಖಚಿತವಾಗಿ ಹೇಳಲಿಲ್ಲ. ಅದು ಗಟ್ಟಿಯಾಗುತ್ತ ಕುಗ್ಗುತ್ತಿದೆ, ಇದಕ್ಕೆ ಔಷಧವಿಲ್ಲ ಎಂದಷ್ಟೇ ಹೇಳಿದರು. ಆ ಬೇಸಿಗೆಗೆ ಅವಳು ಆಕ್ಸಿಜನ್ ಯಂತ್ರದ ನಳಿಕೆ ಬಿಟ್ಟು ಬಚ್ಚಲತನಕವೂ ಹೋಗುವಂತಿರಲಿಲ್ಲ.

ಡ್ಯೂಟಿ ಇಲ್ಲದ ದಿನ ನಾನು ಬಸ್ಸು ಹಿಡಿದು ರಾಮದುರ್ಗಕ್ಕೆ ಹೋಗುತ್ತಿದ್ದೆ. ಅವಳಿಗೆ ಹೊತ್ತು ಹೋಗಲೆಂದು ಆ ಧಾರಾವಾಹಿಯನ್ನು ಮೊಬೈಲಿನಲ್ಲಿ ಹುಡುಕಿದೆ, ಸಿಕ್ಕಿತು. ತಂಬಿಗೆಗೆ ಮೊಬೈಲು ಆನಿಸಿ ಇಟ್ಟೆ. ಪಕ್ಕದ ಮನೆಯ ಮಗ್ಗದ ಸದ್ದು, ಆಕ್ಸಿಜನ್ ಯಂತ್ರದ ಸದ್ದು, ಅದರ ನಡುವೆ ಅವರ ಸೈರನ್.

"ಈಗ ನಿನಗ ಇಂಗ್ಲಿಷ್ ಬರತೈತಲ್ಲ. ಖರೇನ ಏನಂತಾರ ಹೇಳು," ಅಂದಳು ಅಕ್ಕ.

"ಬಿ.ಪಿ. ಎಷ್ಟು, ನಾಡಿ ಎಷ್ಟು ಅಂತ ಹೇಳಾಕ ಹತ್ಯಾರ. ಡಾಕ್ಟರ್ ಸಲಾಯಿನ್ ಹಚ್ಚು ಅಂತಾನ."

"ಆಮ್ಯಾಲ?"

"ಮತ್ತ ಬಿ.ಪಿ. ನೋಡು ಅಂತಾನ."

"ಇಷ್ಟೇನ? ಇದರಕಿಂತ ನಂದ ಛಲೋ ಇತ್ತು ಬಿಡೋ."

ನಕ್ಕಳು. ನಗು ಕೆಮ್ಮಾಯಿತು, ತುಟಿ ನೀಲಿಯಾಯಿತು. ನಾನು ಆಕ್ಸಿಜನ್ ಹೆಚ್ಚಿಸಿ ಬೆನ್ನು ತಿಕ್ಕಿದೆ. ಅವಳನ್ನು ನಗಿಸುವುದಕ್ಕೂ ಆಗ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ, ಎರಡು ಮೂರು ಕಂತು ನೋಡಿದ ಮೇಲೆ, ಅವಳೇ ಕೇಳಿದಳು. "ಇವ್ರು ಎಲ್ಲಾರನ್ನೂ ದವಾಖಾನಿಗೆ ಒಯ್ದ ಒಯ್ತಾರ. ಒಬ್ಬರನ್ನೂ ಮನೀಗೆ ತಂದು ಬಿಡಾಂಗಿಲ್ಲಲ್ಲ?"

ಆ ಧಾರಾವಾಹಿಯಲ್ಲಿ ಅದು ಇಲ್ಲ. ನನ್ನ ಕೆಲಸದಲ್ಲಿ ಹೆಚ್ಚಿನದು ಅದೇ. ನಮ್ಮ ಕಡೆ ಜೀವ ಮನೆಯಲ್ಲೇ ಹೋಗಬೇಕು. ಇನ್ನು ಆಗುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದೊಡನೆ, ಉಸಿರಿರುವಾಗಲೇ ಮನೆ ಮುಟ್ಟಿಸಿ ಎಂದು ಮನೆಯವರು ನಮಗೆ ಫೋನು ಮಾಡುತ್ತಾರೆ. ಉಸಿರಾಟದ ಯಂತ್ರ ಅಲ್ಲೇ ಉಳಿಯುತ್ತದೆ. ಗಂಟಲಿನ ನಳಿಕೆಗೆ ಒಂದು ರಬ್ಬರಿನ ಚೀಲ ಜೋಡಿಸಿ, ಅಂಬು ಬ್ಯಾಗ್ ಅನ್ನುತ್ತಾರೆ ಅದಕ್ಕೆ, ದಾರಿಯುದ್ದಕ್ಕೂ ನಾನು ಕೈಯಿಂದ ಒತ್ತುತ್ತ ಬರಬೇಕು. ಒತ್ತಿದರೆ ಎದೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕಿತ್ತೂರಿಗೆ, ಸಂಪಗಾಂವಕ್ಕೆ, ಉಗರಗೋಳಕ್ಕೆ ಹೀಗೆ ಎಷ್ಟೋ ಜನರನ್ನು ಒತ್ತುತ್ತ ತಂದಿದ್ದೇನೆ. ಉಳಿಸುವುದನ್ನು ಕಲಿತವನು ನಾನು. ಕೈಗೆ ರೂಢಿಯಾದದ್ದು ಇದು.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಪರದೆ ನೋಡುತ್ತಲೇ ಕೇಳಿದಳು. "ಹಂಗ ತರೂವಾಗ ಅವ್ರಿಗೆ ಗೊತ್ತಾಕ್ಕತೇನು?"

"ಕೆಲವರಿಗೆ ಆಗತಿರಬೇಕು. ಕಣ್ಣ ತಗದ ನೋಡತಾರ."

ಅಕ್ಕ ಮೊಬೈಲಿನ ಸದ್ದು ಸಣ್ಣ ಮಾಡಿದಳು. "ನನ್ನ ಹಂಗ ತರಬ್ಯಾಡೋ. ಒಯ್ಯೂದೂ ಬ್ಯಾಡ, ತರೂದೂ ಬ್ಯಾಡ. ನಾ ಇಲ್ಲೇ ಇರತೇನಿ."

"ಆತು," ಅಂದೆ.

ಅವ್ವ ಆಗ ಅಲ್ಲಿ ಇರಲಿಲ್ಲ. ಮುಂದಿನ ವಾರ ಬಂದು ಮಗಳ ಮನೆಯಲ್ಲೇ ಉಳಿದಳು. ಅವಳೂ ನಮ್ಮ ಜೊತೆ ಕೂತು ನೋಡತೊಡಗಿದಳು. ಅಕ್ಕನಿಗೆ ಅದು ಹೊತ್ತು ಹೋಗುವ ದಾರಿಯಾಗಿತ್ತು. ಅವ್ವ ಅದನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾಳೆಂದು ನನಗೆ ತಡವಾಗಿ ತಿಳಿಯಿತು.

"ಆ ಮುದುಕ ಹೋಗೇಬಿಟ್ಟಿದ್ದ. ಎದೀಗೆ ಕರೆಂಟ ಕೊಟ್ರು, ಎದ್ದ ಕುಂತ," ಅಂದಳು ಒಂದು ದಿನ. "ನೀ ಕಲ್ತದ್ದು ಇದ ಅಲ್ಲೇನಪಾ?"

"ಹೂಂ, ಇದ."

"ಮತ್ತ?"

"ಅದು ಎದಿ, ಅವ್ವಾ. ಅಕ್ಕಂದು ಪುಪ್ಪಸ."

"ಎರಡೂ ಒಂದ ಗೂಡಿನಾಗ ಅದಾವಲ್ಲ."

ಅಕ್ಕ ಸೆರಗಿನ ಮರೆಯಲ್ಲೇ ನಕ್ಕಳು. ನಾನು ಅವ್ವನನ್ನು ಅಡುಗೆಮನೆಗೆ ಕರೆದೊಯ್ದು ಬಿಡಿಸಿ ಹೇಳಿದೆ: ಇದು ವಾಸಿಯಾಗುವುದಿಲ್ಲ, ಯಾವ ಆಸ್ಪತ್ರೆಗೆ ಹೋದರೂ ಇಲ್ಲ. ಅವ್ವ ತಲೆಯಾಡಿಸಿದಳು. ಹೊರಗೆ ಬಂದು ಮಗಳ ತಲೆ ಸವರುತ್ತ, "ನಿನ್ನ ತಮ್ಮ ಅದಾನ, ನಿನಗೇನೂ ಆಗೂದಿಲ್ಲ" ಅಂದಳು. ನಾನು ಹೇಳಿದ್ದಕ್ಕಿಂತ ನನ್ನ ಓದಿನ ಮೇಲೆ ಅವಳಿಗೆ ನಂಬಿಕೆ ಹೆಚ್ಚು.

ಆ ದಿನ ಬಂದದ್ದು ಬೆಳಗಿನ ಚಹಾದ ಹೊತ್ತಿಗೆ. ನಾನು ಅಲ್ಲೇ ಇದ್ದೆ. ಅಕ್ಕ ಹಾಸಿಗೆಯ ಮೇಲೆ ಮುಂದಕ್ಕೆ ಬಾಗಿ ಎರಡೂ ಕೈ ಊರಿ ಉಸಿರಿಗಾಗಿ ಎಳೆಯುತ್ತಿದ್ದಳು. ಯಂತ್ರ ಪೂರ್ತಿ ಇಟ್ಟರೂ ಸಾಲಲಿಲ್ಲ.

"ಗಾಡಿ ತರಸು," ಅಂದಳು ಅವ್ವ.

"ಒಯ್ಯೂದ ಬ್ಯಾಡ ಅಂತ ಅಕ್ಕನ ಹೇಳ್ಯಾಳವ್ವಾ. ಇಲ್ಲೇ ಸಮಾಧಾನಲೆ ಇರಲಿ."

"ಉಸರ ಸಿಗದಾಕಿ ಮಾತು ಏನ ಕೇಳತಿ? ನಿನ್ನ ಸಲುವಾಗಿ ಸಾಲಿ ಬಿಟ್ಟಾಕಿ ಅದಾಳ ಆಕಿ. ಆಕಿ ಮುಂದ ಕೈ ಕಟಗೊಂಡ ನಿಂದರತಿ? ಹಂಗಾರ ಯಾರ ಸಲುವಾಗಿ ಕಲ್ತಿ?"

ಓಣಿಯ ಜನ ಬಾಗಿಲಿಗೆ ಬಂದಿದ್ದರು. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವನು, ಗೋಡೆಗೆ ಮುಖ ಮಾಡಿ ನಿಂತಿದ್ದ. "ಒಯ್ಯೋಣು ಮಾರಾಯಾ. ಈ ಸಪ್ಪಳ ಕೇಳಾಕ ಆಗವಲ್ದು," ಅಂದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮಾತು ಆಗುತ್ತಿರಲಿಲ್ಲ. ನಾನು ನಮ್ಮ ಅಂಬ್ಯುಲೆನ್ಸಿನ ಡ್ರೈವರನಿಗೆ ಫೋನು ಹಚ್ಚಿದೆ.

ದಾರಿಯಲ್ಲಿ ನಾನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಮುಂಚೆಯೇ ಬೈಲಹೊಂಗಲದ ಆಸ್ಪತ್ರೆಗೆ ಫೋನು ಮಾಡಿ ನಾಡಿ, ಬಿ.ಪಿ., ಆಕ್ಸಿಜನ್ ಎಷ್ಟಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮುಂದಿನ ಸೀಟಿನಿಂದ ಅವ್ವ ಅದನ್ನು ಕೇಳಿಸಿಕೊಂಡಳು. "ಥೇಟ ಟಿವಿಯೊಳಗಿನವ್ರಂಗ ಮಾತಾಡಿದ," ಎಂದು ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ಮಾಮಾಗೆ ಹೇಳುತ್ತಿದ್ದಳು. ಆ ಹೊತ್ತಿಗೆ ಅಕ್ಕನ ಗಂಟಲಿಗೆ ನಳಿಕೆ ಹಾಕಿ ಯಂತ್ರಕ್ಕೆ ಜೋಡಿಸಿಯಾಗಿತ್ತು.

ಕೆಲವು ದಿನಗಳ ನಂತರ ಡಾಕ್ಟರು ನನ್ನೊಬ್ಬನನ್ನೇ ಕರೆದರು. ನೀವೂ ಈ ಕ್ಷೇತ್ರದವರು, ನಿಮಗೆ ಅರ್ಥವಾಗುತ್ತದೆ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಒಳ್ಳೆಯ ಮನುಷ್ಯ. ಅರ್ಥವಾಯಿತು. ಹೊರಗೆ ಬಂದು ಅದನ್ನು ಅವ್ವನಿಗೂ ಮಾಮಾಗೂ ನಮ್ಮ ಮಾತಿನಲ್ಲಿ ಹೇಳಿದೆ. ಮಾಮಾ ಕೂತಲ್ಲೇ ಕುಸಿದ. ಅವ್ವ ಸೆರಗು ಸರಿಮಾಡಿಕೊಂಡು, "ಹಂಗಾರ ಜೀವ ಇದ್ದಾಗ ಮನೀಗೆ ಒಯ್ಯೋಣು" ಅಂದಳು.

ಹಾಗೆ ಅಕ್ಕನನ್ನೂ ಒತ್ತುತ್ತ ತಂದೆ. ಸವದತ್ತಿ ದಾಟುವಾಗ ಅವಳು ಕಣ್ಣು ತೆರೆದಳು. ನೋಡಿದ್ದು ನನ್ನನ್ನೋ ಗಾಡಿಯ ಛಾವಣಿಯನ್ನೋ ನಾನು ಹೇಳಲಾರೆ. ಮುಂದಿನಿಂದ ಅವ್ವ ಮತ್ತೆ ಮತ್ತೆ ಕೇಳುತ್ತಿದ್ದಳು, "ಐತೇನಪಾ?" ನಾನು "ಐತವ್ವಾ" ಅನ್ನುತ್ತಿದ್ದೆ.

ಮನೆಯಲ್ಲಿ ಹಾಸಿಗೆ ಹಾಸಿದ್ದರು. ಬಂಧು ಬಳಗ ಸೇರಿತ್ತು. "ಕಲ್ತ ತಮ್ಮ ಇದ್ದದ್ದಕ್ಕ ಜೀವಂತ ಬಂದ್ಲು ನೋಡ್ರಿ," ಅಂದರು ಯಾರೋ. ಬೇರೆಯವರ ಮನೆಯಲ್ಲಾದರೆ ಎಲ್ಲರೂ ಬಾಯಿಗೆ ನೀರು ಬಿಟ್ಟಾದ ಮೇಲೆ ನಾನು ಹಿರಿಯರ ಕಡೆ ನೋಡಿ "ಬಿಡ್ಲೇನ್ರಿ?" ಎಂದು ಕೇಳುತ್ತೇನೆ. ಅವರು ತಲೆಯಾಡಿಸುತ್ತಾರೆ, ನಾನು ಒತ್ತುವುದನ್ನು ನಿಲ್ಲಿಸುತ್ತೇನೆ. ಅಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ. ಈ ಮನೆಯಲ್ಲಿ ಹಿರಿಯಳೆಂದರೆ ಅವ್ವ.

"ಬಿಡ್ಲೇನವ್ವಾ?"

"ಯಾಕ ಬಿಡತಿ?" ಅಂದಳು ಅವ್ವ, ಸಿಟ್ಟಿಲ್ಲದೆ. "ನೀ ಒತ್ತಿದರ ಉಸರ ಆಡಾಕ ಹತ್ಯಾಳಲ್ಲ. ಕೈ ಸೋತಿದ್ರ ನನಗ ಕಲಸು. ನಾ ಒತ್ತತೇನಿ. ಆಮ್ಯಾಲ ನಿಮ್ಮ ಮಾಮಾ ಒತ್ತತಾನ. ಪಾಳಿ ಮ್ಯಾಲ ಮಾಡಿದ್ರ ಆತು."

ಮಾಮಾ ಆಗಲೇ ಅಂಗಿಯ ತೋಳು ಮಡಚುತ್ತಿದ್ದ. ಯಾರೂ ನಗಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಅದನ್ನು ಹೇಗೆ ಹೇಳಬೇಕೆಂದು ಯಾವ ಕ್ಲಾಸಿನಲ್ಲೂ ಕಲಿಸಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಮೆಲ್ಲಗೆ, "ಬೈಲಹೊಂಗಲದಾಗ ಇನ್ನೊಂದು ಕೇಸ ಐತ್ರಿ ಸರ್, ಬ್ಯಾಗ ಬೇಕಾಕ್ಕತಿ" ಅಂದ. ಬೇರೆ ಬ್ಯಾಗು ತೊಗೊಂಡು ಹೋಗು ಎಂದೆ.

ಅವ್ವನ ಕೈ ಹಿಡಿದು ಚೀಲದ ಮೇಲೆ ಇರಿಸಿದೆ. ಜೋರಾಗಿ ಬೇಡ, ಇಷ್ಟೇ, ಎದೆ ಏರುವತನಕ, ಆಮೇಲೆ ಬಿಡು ಎಂದು ತೋರಿಸಿದೆ. ಅವಳಿಗೆ ಒಂದೇ ಸಲಕ್ಕೆ ಬಂತು. ಒತ್ತಿದಳು, ಬಿಟ್ಟಳು. ಮಗಳ ಮುಖದ ಮೇಲೆ ಬಾಗಿ, "ಮಲಕೋ ನನ್ನವ್ವಾ, ಕಣ್ಣ ಮುಚ್ಚು, ನಾ ಅದೇನಿ" ಅಂದಳು.

ಅಕ್ಕ ಕಣ್ಣು ಮುಚ್ಚಲಿಲ್ಲ.