ಮಾವ ಅಂಗೈಯಲ್ಲಿ ಕೇಳಿ ಆರಿಸಿದ ಎಂಜಿನ್ ಬ್ಲಾಕ್

ಮಾವ ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಆ ಕಬ್ಬಿಣಕ್ಕೆ ಮೆಲ್ಲಗೆ ತಾಗಿಸಿ, "ಬಡಿಯವ್ವ" ಅಂದರು.

ನಾನು ಸ್ಪ್ಯಾನರ್‌ನಿಂದ ಒಂದು ಏಟು ಕೊಟ್ಟೆ. ಹರಿಹರದ ಗುಜರಿ ಶೆಡ್ಡಿನಲ್ಲಿ ಸರಪಳಿಗೆ ತೂಗುಹಾಕಿದ್ದ ಹಳೇ ಎಂಜಿನ್ ಬ್ಲಾಕ್ ಠಣ್ ಅಂತು. ಮಧ್ಯಾಹ್ನದ ಬಿಸಿಲು ತಗಡಿನ ತೂತುಗಳಿಂದ ಇಳಿದು, ನೆಲದ ತುಂಬ ರಂಗೋಲಿ ಚುಕ್ಕಿ ಇಟ್ಟ ಹಾಗೆ ಬಿದ್ದಿತ್ತು.

ಮಾವ ತಲೆಯಾಡಿಸಿದರು. "ಇದು ಬ್ಯಾಡ. ಬಿರುಕು ಐತೆ."

ನನ್ನ ಮಾವನಿಗೆ, ಅಂದರೆ ಗಂಡನ ಅಪ್ಪನಿಗೆ, ಕಿವಿ ಕೇಳಿಸುವುದಿಲ್ಲ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣದ ಎರಕದ ಕೆಲಸ ಮಾಡಿ, ಆ ಸದ್ದಿನಲ್ಲೇ ಕಿವಿ ಕಳೆದುಕೊಂಡವರು.

ಮೊದಮೊದಲು ಮನೆಯಲ್ಲಿ ಎಲ್ಲರೂ ಅವರ ಹತ್ತಿರ ಕೂಗಿ ಮಾತಾಡುತ್ತಿದ್ದೆವು. ಆಮೇಲೆ ಕೂಗುವುದೂ ಬೇಜಾರಾಯಿತು. ಊಟಕ್ಕೆ ಕೈಸನ್ನೆ ಮಾಡಿ ಕರೆಯುವುದಷ್ಟೇ ಉಳಿದಿತ್ತು...

ನನ್ನದು ಖಡಕ್ ರೊಟ್ಟಿ ವ್ಯಾಪಾರ. ನಿಟ್ಟುವಳ್ಳಿಯ ಮನೆಯಿಂದ ಎಸ್.ಎಸ್. ಬಡಾವಣೆಗೆ, ಅಲ್ಲಿಂದ ಹರಿಹರದ ಅಂಗಡಿಗಳಿಗೆ, ನಮ್ಮ ಹಳೇ ವ್ಯಾನಿನಲ್ಲಿ ಹಾಕಿ ಬರುತ್ತೇನೆ. ಸೀಟಿನ ಕೆಳಗೇ ಎಂಜಿನ್ ಇರುವ ವ್ಯಾನ್. ನನಗೆ ಡ್ರೈವಿಂಗ್ ಕಲಿಸಿದವರು ಮಾವನೇ, ಹದಡಿ ರಸ್ತೆಯಲ್ಲಿ. ಈಗಲೂ ದಿನಾ ಪಕ್ಕದ ಸೀಟಿನಲ್ಲಿ ಅವರಿರುತ್ತಾರೆ.

ಕಳೆದ ತಿಂಗಳು ಒಂದು ವಾರ ಒಂದೇ ಸಮನೆ ಹೇಳಿದರು. "ಗಾಡಿ ನಡುಕ ಬದಲಾಗೈತೆ ನೋಡವ್ವ. ಮೆಕ್ಯಾನಿಕ್‌ಗೆ ತೋರ್ಸು."

ನಾನು ಹೂಂ ಅಂತ ತಲೆಯಾಡಿಸಿ ಎಫ್‌ಎಂ ಸೌಂಡ್ ಜಾಸ್ತಿ ಮಾಡಿದೆ. ಕಿವಿ ಕೇಳದವರಿಗೆ ಎಂಜಿನ್ ಬಗ್ಗೆ ಏನು ಗೊತ್ತಾಗುತ್ತೆ ಅಂತ... ಮುಚ್ಚಿಡುವುದೇನು, ಹಾಗೇ ಅಂದುಕೊಂಡೆ.

ಎಂಟನೇ ದಿನ ತುಂಗಭದ್ರಾ ಸೇತುವೆ ಹತ್ತಿರ ಸೀಟಿನ ಕೆಳಗಿಂದ ಬುಸ್ ಅಂತ ಆವಿ. ಗಾಬರಿಯಲ್ಲಿ ಕಾದ ಎಂಜಿನ್ನಿಗೆ ಬಾಟಲಿಗಟ್ಟಲೆ ತಣ್ಣೀರು ಸುರಿದೆ. ಎಂಜಿನ್ನಿನ ಎರಕದ ಮೈ, ಅದೇ ಬ್ಲಾಕ್, ಸೀಳಿಹೋಯಿತು.

"ಅಕ್ಕಾ, ಇದ್ರ ಕಥಿ ಮುಗೀತು. ಬ್ಯಾರೆ ಬ್ಲಾಕ್ ಹುಡುಕ್ಬೇಕು" ಅಂದರು ಮೆಕ್ಯಾನಿಕ್ ರಫೀಕಣ್ಣ. ಗಂಡ, ಗಾಡಿನೇ ಗುಜರಿಗೆ ಹಾಕು ಅಂದರು. ಮಾವ ಮಾತ್ರ ಸೀಳಿದ ಬ್ಲಾಕಿನ ಮೇಲೆ ಒಮ್ಮೆ ಅಂಗೈ ಆಡಿಸಿದರು. ನನಗೆ ಅದೇ ಹೆಚ್ಚು ಚುಚ್ಚಿತು.

ವ್ಯಾನ್ ಹೋದರೆ ನನ್ನ ವ್ಯಾಪಾರ ಹೋಗುತ್ತಿತ್ತು. ಮಾವನಿಗೆ ಉಳಿದಿದ್ದ ಆ ಒಂದು ಸೀಟೂ ಹೋಗುತ್ತಿತ್ತು.

ಅದಕ್ಕೇ ಅವರನ್ನೂ ಕರೆದುಕೊಂಡು ಗುಜರಿಗೆ ಬಂದಿದ್ದೆ. ಅವರು ಬೇಡ ಅಂದ ಬ್ಲಾಕ್ ರಫೀಕಣ್ಣ ಮೊದಲೇ ಆರಿಸಿಟ್ಟಿದ್ದು. ಬಣ್ಣ ಬಳಿದು ಮದುಮಗನ ಹಾಗೆ ಮಿಂಚುತ್ತಿತ್ತು.

"ಹೊಸಾದಂಗೈತಲ್ಲಕ್ಕಾ! ಅಜ್ಜಾರಿಗೆ ಕೇಳ್ಸಲ್ಲ, ಹೆಂಗೆ ಹೇಳ್ತಾರೆ?" ಅಂತ ರಫೀಕಣ್ಣ ನಕ್ಕರು. ಆದರೂ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮತ್ತೆ ಮೇಲೆ ಬರುತ್ತದಂತೆ.

ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಒದ್ದೆ ಗೆರೆ ಮೂಡಿತು. ರಫೀಕಣ್ಣ ಸರಪಳಿ ಬಿಚ್ಚಿದರು.

ಆಮೇಲೆ ಒಂದೊಂದೇ ಬ್ಲಾಕ್ ತೂಗುಹಾಕುವುದು, ನಾನು ಬಡಿಯುವುದು, ಮಾವ ಕಣ್ಣು ಮುಚ್ಚುವುದು. ಹೊಳೆ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಎಷ್ಟು ಹೊತ್ತಾಯಿತೋ ನನಗಂತೂ ಗೊತ್ತಿಲ್ಲ.

ಐದನೆಯದು ಮೂಲೆಯಲ್ಲಿತ್ತು. ಮೈಯೆಲ್ಲ ತುಕ್ಕು, ತೂತಿನಲ್ಲಿ ಜೇಡರ ಬಲೆ. ನಾನು ಬಡಿದೆ. ಸದ್ದು ನಿಂತಿತು. ಮಾವ ಕೈ ತೆಗೆಯಲೇ ಇಲ್ಲ.

"ಇಲ್ಲಿ ಕೈ ಇಡು" ಅಂದು ಸ್ಪ್ಯಾನರ್ ತಾವೇ ತಗೊಂಡು ಬಡಿದರು.

ನಾನೂ ಕಣ್ಣು ಮುಚ್ಚಿದೆ. ಸಣ್ಣ ನಡುಕವೊಂದು ಅಂಗೈಯಿಂದ ಮೊಣಕೈವರೆಗೆ ಹರಿದು ಬಂತು. ಹೊರಗಿನ ಲಾರಿ, ಹಾರ್ನ್, ಗುಜರಿಯ ಗದ್ದಲ ಎಲ್ಲ ಎಲ್ಲೋ ದೂರ ಹೋದ ಹಾಗಾಯಿತು. ನನ್ನ ಕಿವಿಗೆ ಸದ್ದು ಮುಗಿದ ಮೇಲೂ ಅದು ಕೈಯಲ್ಲಿ ಇನ್ನೂ ಇತ್ತು...

"ಎರಕ ಚಲೋ ಇದ್ರೆ ಬಾಳೊತ್ತು ಮಾತಾಡ್ತೈತೆ. ಬಿರುಕಿದ್ರೆ ನಡುವೇ ಬಾಯಿ ಮುಚ್ತೈತೆ" ಅಂದರು ಮಾವ.

ಸೀಮೆಸುಣ್ಣದ ಪರೀಕ್ಷೆಯಲ್ಲೂ ಅದು ಪಾಸಾಯಿತು. ಆರ್‌ಸಿಗೆ ಬೇಕಲ್ಲ ಅಂತ ಬ್ಲಾಕಿನ ಮೇಲಿದ್ದ ಎಂಜಿನ್ ನಂಬರ್ ನೋಡಿ ಬಿಲ್ ಬರೆಸಿಕೊಂಡೆವು.

ಹತ್ತು ದಿನದ ಮೇಲೆ ಗ್ಯಾರೇಜಿನಲ್ಲಿ ಮೊದಲ ಸಲ ಕೀ ತಿರುಗಿಸುತ್ತೇನೆ. ಮಾವ ಪಕ್ಕದಲ್ಲಿ, ಸೀಟಿನ ಅಂಚಿಗೆ ಅಂಗೈ ಒತ್ತಿ ಕೂತಿದ್ದಾರೆ. ನನಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದಷ್ಟು ಭಯ.

ಎಂಜಿನ್ ಶುರುವಾಯಿತು. "ಮೂರು ಸಿಲಿಂಡರೂ ಕೂಡಿ ಓಡ್ತಾವೆ" ಅಂದು ಮಾವ ನಕ್ಕರು.

ನಾನು ಎಫ್‌ಎಂ ಆಫ್ ಮಾಡಿದೆ. ಅವರ ಕೈ ಹಿಡಿದು, ಅಂಗೈ ಮೇಲೆ ಬೆರಳಿನಿಂದ ನಿಧಾನಕ್ಕೆ ಬರೆದೆ: ತಪ್ಪಾಯ್ತು ಮಾವ.

ಅವರು ಆ ಅಂಗೈಯನ್ನು ಮೆಲ್ಲಗೆ ಮಡಚಿಕೊಂಡರು. ಆಮೇಲೆ, "ಗೇರ್ ಹಾಕವ್ವ, ರೊಟ್ಟಿಗೆ ಹೊತ್ತಾಗ್ತೈತೆ" ಅಂದರು.

ಈಗ ದಿನಾ ಹೊರಡುವ ಮುಂಚೆ ಅವರ ಅಂಗೈಯಲ್ಲಿ ಒಂದಿಷ್ಟು ಮನೆ ಸುದ್ದಿ ಬರೆಯುತ್ತೇನೆ.

ನಿಮ್ಮ ಮನೆಯಲ್ಲಿ ನೀವು ಮಾತಾಡಿಸುವುದನ್ನೇ ಬಿಟ್ಟವರು ಯಾರಾದರೂ ಇದ್ದಾರಾ?