‘ಇತರೆ’ಯ ಮೇಲಿನ ಸೊನ್ನೆ

ಗ್ರಿಮ್ಸ್‌ಬಿ ಬಂದರಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮೀನು ಸೀಳಿ, ಅದು ಬಾಗಿಲು ಮುಚ್ಚಿದ ಮೇಲೆ ಶಾಲೆಯಲ್ಲಿ ಊಟ ಬಡಿಸುವ ಕಟ್ಟೆಯ ಹಿಂದೆ ಬಂದು ನಿಂತವಳು ಬೆರಿಲ್ ಬ್ಲಾಂಚರ್ಡ್. ಗಂಡ ಸತ್ತಾಗ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಎರಡು ವರ್ಷದ ಟೀಗನ್‌ಳನ್ನು ಸೋಫಾದ ಮೇಲೆ ಬಿಟ್ಟು ಮಗಳು ಹೊರಟುಹೋದಾಗಲೂ ಕಂಡಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಸಿಟ್ಟು. ಅದನ್ನೇ ಉರುವಲಾಗಿಸಿಕೊಂಡು ಹದಿಮೂರು ವರ್ಷ ಮೊಮ್ಮಗಳನ್ನು ಸಾಕಿದ್ದಳು.

ಅದೇ ಶಾಲೆಯಲ್ಲಿ ಓದುತ್ತಿದ್ದ ಟೀಗನ್ ಆ ಗುರುವಾರ ಊಟದ ಸಾಲಿಗೆ ಬರಲಿಲ್ಲ. ಬೆರಿಲ್ ಹುಡುಕಿಕೊಂಡು ಹೋದಾಗ ಶೌಚಾಲಯದಲ್ಲಿ ಸಿಕ್ಕಳು, ಕಣ್ಣು ಕೆಂಪಾಗಿತ್ತು.

“ಅಜ್ಜಿ, ನಾನಿನ್ನು ಸಮಾಜಶಾಸ್ತ್ರದ ಕ್ಲಾಸಿಗೆ ಹೋಗಲ್ಲ. ಗೋಡೆ ನೋಡು, ಹೋಗು.”

ಹೊಸ ಮೇಷ್ಟ್ರು ಫೆನ್‌ವಿಕ್ ತರಗತಿಯಲ್ಲಿ ನಡೆಸಿದ ಸಮೀಕ್ಷೆಯ ಕಂಬನಕ್ಷೆ ಗೋಡೆಯ ಮೇಲಿತ್ತು: ‘ಮನೆಯಲ್ಲಿ ಓದಿಗೆ ನೆರವು’. ತಂದೆತಾಯಿ ಇಬ್ಬರೂ ಇರುವವರಿಗೆ ಒಂದು ಕಂಬ, ಒಬ್ಬರೇ ಇರುವವರಿಗೆ ಒಂದು, ಮಲತಂದೆ ಮಲತಾಯಿ ಇರುವವರಿಗೆ ಒಂದು. ಕೊನೆಯಲ್ಲಿ ‘ಇತರೆ: ಒಬ್ಬ ವಿದ್ಯಾರ್ಥಿ’. ಅದರ ಮೇಲೆ ಕಂಬವೇ ಇಲ್ಲ, ಬರೀ ಸೊನ್ನೆ. ಬೆರಿಲ್ ಅದನ್ನು ನೋಡಿಕೊಂಡು ಟೀಗನ್ ಬಳಿಗೆ ವಾಪಸು ಬಂದಳು.

“ಇದೇನೇ ಇದು? ದಿನಾ ಸಂಜೆ ಮೇಜಿನ ಮುಂದೆ ಕೂತು ಓದಿಸ್ತಿರೋದು ದೆವ್ವಾನಾ?”

“‘ನಿಮ್ಮ ತಂದೆತಾಯಿ ಹೋಮ್‌ವರ್ಕ್‌ಗೆ ಸಹಾಯ ಮಾಡ್ತಾರಾ’ ಅಂತ ಕೇಳಿದ್ರು. ಇಲ್ಲ ಅಂತ ಗುರುತು ಹಾಕ್ದೆ. ಸುಳ್ಳು ಹೇಗೆ ಬರೀಲಿ?”

ಬೆರಿಲ್ ಕಟ್ಟೆಗೆ ಮರಳುವ ಹೊತ್ತಿಗೆ ಫೆನ್‌ವಿಕ್ ಸಾಲಿನಲ್ಲಿದ್ದ.

“ಪೈ ಘಮ್ ಅಂತಿದೆ, ಮಿಸೆಸ್ ಬ್ಲಾಂಚರ್ಡ್!”

“ತಟ್ಟೆ ಕೆಳಗಿಡಿ ಮೇಷ್ಟ್ರೇ. ಗೋಡೆ ಮೇಲಿರೋ ಆ ಸೊನ್ನೆ ನಾನೇ.”

ಅವನ ಮುಖ ಕೆಂಪೇರಿತು. “ಅದು... ಯಾರ ಹೆಸರೂ ಹಾಕಿಲ್ವಲ್ಲ...”

“ಇಪ್ಪತ್ತಾರು ಜನರಲ್ಲಿ ಅಜ್ಜಿ ಮನೇಲಿ ಬೆಳೆದವಳು ಒಬ್ಳೇ. ಹೆಸರು ಬೇರೆ ಕೇಡು!”

ಪಕ್ಕದಲ್ಲಿ ಬಡಿಸುತ್ತಿದ್ದ ಮ್ಯಾಕ್ಸೀನ್ ಪಿಸುಗುಟ್ಟಿದಳು: “ಬೆರಿಲ್, ಪೈ ಮೇಲೆ ಹಾಕೋ ಗ್ರೇವಿ ಆರ್ತಿದೆ ಕಣೇ.”

“ಆರ್ಲಿ ಬಿಡೇ.” ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದ್ದರು. “ಪ್ರಶ್ನೆಗಳನ್ನ ಮೊದ್ಲು ನಾಲ್ಕು ಜನಕ್ಕೆ ಕೊಟ್ಟು ಪರೀಕ್ಷೆ ಮಾಡ್ಬೇಕು ಅಂತ ನೀವೇ ಪಾಠ ಮಾಡಿದೀರಿ. ನಂಗೆ ಹೇಗೆ ಗೊತ್ತು ಕೇಳಿ. ಟೀಗನ್‌ಗೆ ಅದನ್ನ ಬಾಯಿಪಾಠ ಮಾಡಿಸ್ದೋಳು ನಾನು!”

“ಈಗ್ಲೇ ತೆಗೆದುಬಿಡ್ತೀನಿ.”

“ಗೋಡೆಯಿಂದ ತೆಗೀತೀರಿ. ನೋಡಿದವರ ತಲೆಯಿಂದ? ಮತ್ತೆ ಕೇಳಿ. ಈ ಸಲ ನೆಟ್ಟಗೆ ಕೇಳಿ.”

ಸೋಮವಾರ ಅವನು ಹೊಸ ಹಾಳೆಯನ್ನು ಮಕ್ಕಳಿಗೆ ಹಂಚುವ ಮೊದಲು ಅವಳಿಗೇ ತಂದುಕೊಟ್ಟ. ಕುಟುಂಬದ ಬಗೆಗಳ ಪಟ್ಟಿ ಮಾಯವಾಗಿತ್ತು. ಮೊದಲ ಪ್ರಶ್ನೆ: ‘ಮನೆಯಲ್ಲಿ ನಿಮ್ಮ ಓದಿಗೆ ಯಾರು ನೆರವಾಗುತ್ತಾರೆ?’ ಬೆರಿಲ್ ಏಪ್ರನ್‌ಗೆ ಕೈ ಒರೆಸಿಕೊಂಡು ಎರಡು ಸಲ ಓದಿದಳು. ತಪ್ಪು ಸಿಗಲಿಲ್ಲ. ಸಿಗದಿದ್ದುದಕ್ಕೆ ಸಿಟ್ಟು ಇನ್ನಷ್ಟು ಏರಿತು.

“ಇಷ್ಟೇ ತಾನೇ? ಮೊದ್ಲೇ ಕೇಳೋಕೆ ಏನಾಗಿತ್ತು?”

ಅವನು ತಟ್ಟೆ ಮುಂದೆ ಚಾಚಿದ. ಅವನ ಬೆನ್ನ ಹಿಂದೆ, ಸಾಲಿನಲ್ಲಿ, ಟೀಗನ್ ಸಮಾಜಶಾಸ್ತ್ರದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಬೆರಿಲ್ ಫೆನ್‌ವಿಕ್‌ನ ತಟ್ಟೆಗೆ ಪೈ ಹಾಕಿದಳು. ಗ್ರೇವಿ ಹಾಕಲಿಲ್ಲ.