ಟ್ರಂಪೆಟ್ಟಿಗೆ ಬಿಟ್ಟ ಜಾಗ

ಹುಣಸೂರಿನಲ್ಲಿ ನಮ್ಮ ಆರ್ಕೆಸ್ಟ್ರಾ ಅಂದರೆ ಒಂಬತ್ತು ಜನ. ಎರಡು ಪಿಟೀಲು (ಅದರಲ್ಲೊಂದು ನನ್ನದು), ಒಂದು ಕ್ಲಾರಿನೆಟ್, ಒಂದು ಟ್ರಂಪೆಟ್, ಕೀಬೋರ್ಡು, ತಬಲ, ಡ್ರಮ್ಸು, ಹಾಡುವವರು ಇಬ್ಬರು. ಹಗಲು ನಾನು ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರು; ರಜಾ ದಿನಗಳಲ್ಲಿ ತಂಡ ಕಟ್ಟಿಕೊಂಡು ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಆರತಕ್ಷತೆಗಳಲ್ಲಿ ಸಿನಿಮಾ ಹಾಡು ನುಡಿಸಿ ಬರುತ್ತಿದ್ದೆ. ಸ್ವಂತದ್ದು ಅಂತ ನಾನು ರಚಿಸಿದ್ದು ಒಂದೇ ಒಂದು. ಅದನ್ನು ನುಡಿಸಿದ್ದೂ ಒಂದೇ ಸಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಗೆಸೊಪ್ಪು ಹದ ಮಾಡುವ ಕಾಲ. ಆಗೆಲ್ಲ ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಸೊಪ್ಪು ಒಣಗಿಸುವ ಬ್ಯಾರನ್ನುಗಳ ಒಲೆ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಒಂದು ಮಧ್ಯಾಹ್ನ ಹನಗೋಡಿನ ಕಡೆಯ ಹಳ್ಳಿಯೊಂದರಲ್ಲಿ ಬ್ಯಾರನ್ನಿಗೆ ಬೆಂಕಿ ಬಿತ್ತು. ನಮ್ಮ ಟ್ರಂಪೆಟ್ಟಿನವನ ಅಪ್ಪನದೇ ಬ್ಯಾರನ್. ಫೈರ್ ಇಂಜಿನ್ ಹೋಗುವ ಹೊತ್ತಿಗೆ ಮಾಡು ಹತ್ತಿಕೊಂಡಿತ್ತು. "ಒಳಗೆ ಜನ ಅವ್ರೆ" ಅಂತ ಯಾರೋ ಕೂಗಿದರಂತೆ. ಒಬ್ಬ ಫೈರ್‌ಮನ್ ಗೋಣಿಚೀಲ ನೆನೆಸಿ ಹೊದ್ದುಕೊಂಡು ನುಗ್ಗಿದ. ಒಳಗೆ ಯಾರೂ ಇರಲಿಲ್ಲ. ತೊಲೆ ಕುಸಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡ.

ಅವನನ್ನು ನಾನು ಬಲ್ಲೆ. ಗಣಪತಿ ಉತ್ಸವದಲ್ಲಿ ಡ್ಯೂಟಿಗೆ ಬಂದರೆ ನಮ್ಮ ವೇದಿಕೆಯ ಪಕ್ಕದಲ್ಲೇ ನಿಲ್ಲುತ್ತಿದ್ದ. ತಾಳ ತಪ್ಪಿದರೆ ನಮ್ಮ ತಬಲದವನಿಗಿಂತ ಮೊದಲು ಅವನ ಮುಖ ಕಿವುಚಿಕೊಳ್ಳುತ್ತಿತ್ತು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಅಗ್ನಿಶಾಮಕ ಠಾಣೆಯ ಅಧಿಕಾರಿ ಮನೆಗೆ ಬಂದರು. ಏಪ್ರಿಲ್‌ನಲ್ಲಿ ಅಗ್ನಿಶಾಮಕ ಸಪ್ತಾಹ; ಸತ್ತವನ ನೆನಪಿಗೆ ಒಂದು ಸಂಗೀತ ಬೇಕು ಅಂದರು.

"ಹಾಡು ಬ್ಯಾಡಿ ಮೇಷ್ಟ್ರೆ. ಮಾತು ಬಂದ್ರೆ ಹೊಗಳಿಕೆ ಬತ್ತದೆ. ಬರೀ ವಾದ್ಯ ಸಾಕು."

ಒಪ್ಪಿಕೊಂಡೆ. ಎರಡು ತಿಂಗಳು ಶಾಲೆ ಬಿಟ್ಟರೆ ಬೇರೆ ಕೆಲಸವೇ ಮಾಡಲಿಲ್ಲ. ಶುಭಪಂತುವರಾಳಿ ರಾಗ ಹಿಡಿದು ಹತ್ತು ನಿಮಿಷದ್ದೊಂದು ರಚನೆ ಬರೆದೆ. ಮೊದಲಿಗೆ ಠಾಣೆಯ ಗಂಟೆ, ಆಮೇಲೆ ಪಿಟೀಲುಗಳ ಓಟ, ಬೆಂಕಿಗೆ ಡ್ರಮ್ಸು. ಎಲ್ಲ ಅಡಗಿದ ಮೇಲೆ ಟ್ರಂಪೆಟ್ ಒಂದೇ, ತಾಳದ ಎಂಟು ಆವರ್ತನ. ನಮ್ಮವನಂಥ ಟ್ರಂಪೆಟ್ಟಿನವನು ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಬೆಂಕಿ ಬಿದ್ದದ್ದು ಅವನ ಮನೆಯ ಬ್ಯಾರನ್ನಿಗೇ ಅನ್ನುವುದು ನನಗೆ ಹೊಳೆಯದೆ ಇರಲಿಲ್ಲ. ಕೇಳಿದೆ ಕೂಡ. "ಊದ್ತೀನಿ ಮೇಷ್ಟ್ರೆ" ಅಂದಷ್ಟೇ ಹೇಳಿ ಸ್ವರ ಬರೆದ ಹಾಳೆ ತೆಗೆದುಕೊಂಡ.

ಒಂದು ಸಂಜೆ ಶಾಲೆಯ ಹಾಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಸತ್ತವನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಇನ್ನೂ ಠಾಣೆಯ ಹಿಂದಿನ ಕ್ವಾರ್ಟರ್ಸ್‌ನಲ್ಲೇ ಇದ್ದಳು. ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ಶುರುವಿಂದ ನುಡಿಸಿದೆವು. ಗಂಟೆ ಹೊಡೆದ ತಕ್ಷಣ ಕೈ ಎತ್ತಿದಳು.

"ಆ ಗಂಟೆ ತೆಗ್ದುಬುಡಿ ಮೇಷ್ಟ್ರೆ. ದಿನಾ ಕೇಳ್ತೀನಲ್ಲ ಅದನ್ನ. ಇಲ್ಲೂ ಬ್ಯಾಡ."

ತೆಗೆದೆ. ಹೊರಡುವಾಗ, ಯಾರಿಗೂ ಅಂತಲ್ಲದೆ, ಅವಳೇ ಮಾತಾಡಿದಳು.

"ಒಳಗೆ ಜನ ಅವ್ರೆ ಅಂತ ಕೂಗಿದ್ದು ಯಾರು ಅಂತ ಇವತ್ತಿಗೂ ಯಾರೂ ಹೇಳ್ನಿಲ್ಲ. ಬಯ್ಯಕ್ಕಲ್ಲ. ಗೊತ್ತಾಗ್ಲಿ ಅಂತ ಅಷ್ಟೇಯ."

ಟ್ರಂಪೆಟ್ಟಿನವನು ವಾದ್ಯವನ್ನು ಕುರ್ಚಿಯ ಮೇಲೆ ಇಟ್ಟ. ಎದ್ದು ನಿಂತ. ಮೂವತ್ತೈದರ ಆಳು, ಎರಡು ಮಕ್ಕಳ ತಂದೆ.

"ನಾನೇ ಕಣಕ್ಕ. ಅಪ್ಪ ಒಲೆ ಮುಂದೆ ಕೂತಿದ್ದ. ಬೆಂಕಿ ಬಿದ್ಮೇಲೆ ಕಾಣ್ನಿಲ್ಲ. ಒಳಗವ್ನೆ ಅನ್ಕೊಂಡೆ. ಅವ್ನು ಹಿಂದ್ಗಡೆ ಕೊಟ್ಟಿಗೆ ದನ ಬಿಚ್ಚಿ ಕೆರೆ ಕಡೆ ಓಡುಸ್ಕೊಂಡು ಹೋಗಿದ್ದ."

ತಬಲದವನು ತಲೆ ತಗ್ಗಿಸಿದ. ಅವಳು ಟ್ರಂಪೆಟ್ಟಿನವನ ಕಡೆ ತಿರುಗಿದಳು.

"ನಿಮ್ಮಪ್ಪ ಈಗ ಅವ್ರಾ?"

"ಅವ್ರೆ."

"ಗೊತ್ತಾ ಅವ್ರಿಗೆ?"

"ಇಲ್ಲ ಕಣಕ್ಕ. ಯಾರ್ಗೂ ಹೇಳಿಲ್ಲ."

ಅವಳು ಸೆರಗು ಸರಿ ಮಾಡಿಕೊಂಡು ಹೊರಟುಹೋದಳು. ಬಾಗಿಲ ಆಚೆ ಚಪ್ಪಲಿ ಹುಡುಕಿಕೊಂಡು ಮೆಟ್ಟುವ ಸದ್ದು ಕೇಳಿಸಿತು. ಅವತ್ತಿನ ಅಭ್ಯಾಸ ಅಲ್ಲಿಗೆ ನಿಂತಿತು.

ಅವನ ಬದಲು ಆ ಎಂಟು ಆವರ್ತನ ಕ್ಲಾರಿನೆಟ್ಟಿಗೆ ಕೊಡುತ್ತೇನೆ ಅಂದೆ. ಬೇಡ ಅಂದ. ತಾನೇ ಊದಬೇಕು, ಊದಲೇಬೇಕು ಅಂತ ಹಟ ಹಿಡಿದ. ಆಮೇಲಿನ ಎರಡು ವಾರ ದಿನವೂ ಬಂದು ಊದಿದ. ಒಂದು ಸ್ವರ ತಪ್ಪಲಿಲ್ಲ.

ಕಾರ್ಯಕ್ರಮ ಠಾಣೆಯ ಅಂಗಳದಲ್ಲೇ ಆಯಿತು. ಇಂಜಿನ್‌ಗಳನ್ನು ತೊಳೆದು ಒಂದು ಬದಿಗೆ ನಿಲ್ಲಿಸಿದ್ದರು. ಶಾಮಿಯಾನದ ಕೆಳಗೆ ಸೆಖೆ. ಮುಂದಿನ ಸಾಲಿನಲ್ಲಿ ಅತಿಥಿಗಳು, ಎರಡನೆಯದರ ತುದಿಯಲ್ಲಿ ಅವಳು. ಬರುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಗಂಟೆಯಿಲ್ಲದೆ ನನ್ನ ಪಿಟೀಲಿನಿಂದಲೇ ಆರಂಭವಾಯಿತು. ಡ್ರಮ್ಸು ಏರಿತು, ಇಳಿಯಿತು. ಟ್ರಂಪೆಟ್ಟಿನ ಜಾಗ ಬಂತು.

ಅವನು ಎದ್ದು ನಿಂತ. ವಾದ್ಯವನ್ನು ತುಟಿಗಿಟ್ಟ. ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಸ್ವರ ಮಾತ್ರ ಬರಲಿಲ್ಲ. ಒಂದು ಆವರ್ತನ ಹೋಯಿತು, ಎರಡಾಯಿತು. ಕೀಬೋರ್ಡಿನವನು ಬರೀ ಷಡ್ಜ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ಮುಂದಕ್ಕೆ ಹೋಗು ಅಂತ ನಾನು ಸನ್ನೆ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಎಂಟು ಆವರ್ತನವೂ ಹಾಗೇ ಕಳೆಯಿತು. ಅವನು ವಾದ್ಯ ಇಳಿಸಲಿಲ್ಲ. ಅವಳೂ ಅವನ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಪಿಟೀಲುಗಳು ಮುಗಿಸಿದವು.

ಚಪ್ಪಾಳೆ ಬಿತ್ತು. ಅತಿಥಿಯೊಬ್ಬರು ನನ್ನ ಕೈ ಹಿಡಿದುಕೊಂಡು, "ಕೊನೇಲಿ ಆ ಮೌನ ಇಟ್ರಲ್ಲ ಮೇಷ್ಟ್ರೆ, ಅದು ಬಹಳ ಚೆನ್ನಾಗಿತ್ತು" ಅಂದರು. ನಾನು ಕೈಮುಗಿದು ಆ ಮೆಚ್ಚುಗೆಯನ್ನು ತೆಗೆದುಕೊಂಡೆ. ಪಕ್ಕದಲ್ಲೇ ಅವನು ಟ್ರಂಪೆಟ್ಟನ್ನು ಪೆಟ್ಟಿಗೆಗೆ ಇಡುತ್ತಿದ್ದ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಮೇ ತಿಂಗಳಲ್ಲಿ ಅವಳು ಕ್ವಾರ್ಟರ್ಸ್ ಖಾಲಿ ಮಾಡಿ ಪಿರಿಯಾಪಟ್ಟಣದ ತಮ್ಮನ ಮನೆಗೆ ಹೊರಟಳು. ಪಾತ್ರೆ, ಹಾಸಿಗೆ ಎಲ್ಲ ಲಗೇಜ್ ಆಟೋಗೆ ಹೇರಿಯಾಗಿತ್ತು. ಹಾದಿಯಲ್ಲಿ ಸಿಕ್ಕ ನನ್ನನ್ನು ನಿಲ್ಲಿಸಿದಳು.

"ಅವ್ನು ಊದಿದ್ರೆ ಎದ್ದೋಗ್ಬೇಕು ಅಂತ್ಲೇ ಬಂದು ಕೂತಿದ್ದೆ ಮೇಷ್ಟ್ರೆ. ಊದ್ನಿಲ್ಲ. ಅದೂ ಸಂಕ್ಟಾನೇ ಆಯ್ತು."

ಅವನಿಗೆ ಏನಾದರೂ ಹೇಳಬೇಕೆ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿ ಆಟೋ ಹತ್ತಿದಳು.

ಅವನು ಮತ್ತೆ ತಂಡಕ್ಕೆ ಬರಲಿಲ್ಲ. ನಾವು ಟ್ರಂಪೆಟ್ ಇಲ್ಲದೆಯೇ ಇನ್ನೂ ಕೆಲವು ವರ್ಷ ಆರತಕ್ಷತೆಗಳಿಗೆ ಹೋದೆವು. ಆಮೇಲೆ ಅದೂ ನಿಂತಿತು. ಎಷ್ಟೋ ವರ್ಷದ ಮೇಲೆ ಹುಣಸೂರು ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಕೂದಲು ಬೆಳ್ಳಗಾಗಿತ್ತು. ಟೀ ಕುಡಿಯೋಣ ಬಾ ಅಂದೆ. ನಿಂತಲ್ಲೇ ಹೇಳಿದ:

"ಅಪ್ಪಂಗೆ ಹೇಳ್ಬುಟ್ಟೆ ಮೇಷ್ಟ್ರೆ. 'ನನ್ನ ಹುಡುಕ್ಕೊಂಡು ಹೋಗಿ ಸತ್ನಾ ಅವ್ನು?' ಅಂತ ಒಂದೇ ಮಾತು ಕೇಳ್ದ. ಅವತ್ತಿಂದ ನನ್ ಕುಟೆ ಮಾತಾಡಲ್ಲ. ದನದ ಕೊಟ್ಟಿಗೇಲೇ ಮಲಗ್ತಾನೆ."

ಹನಗೋಡಿನ ಬಸ್ಸು ಬಂತು. ಜನ ನುಗ್ಗಿದರು. ಬತ್ತೀನಿ ಅಂತ ಹೇಳಿ ಅವನೂ ಹತ್ತಿದ. ಕೂರಲು ಸೀಟು ಸಿಗಲಿಲ್ಲ.